‘ಮಣ್ಣಿಂದ ಆಚೆ ಬರ್ಲಿ ಅಂತ ಓದಿಸ್ತಿದ್ದೀನಿ’ – ಕೃಷಿ ಕಾಲೇಜಿನ ಮೆಟ್ಟಿಲು ಹತ್ತದ ಮಕ್ಕಳ ಬಗ್ಗೆ

ಬಯಾಲಜಿ ಟೀಚರ್ (ಸೋಮವಾರ)

ಎಲ್ಲರಿಗೂ ನಮಸ್ಕಾರ. ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು ನಾನು. ಒಂದು ವಿಷಯ ತಲೆ ತಿನ್ನುತ್ತಿದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಹೋದ ವಾರ ಬೇರಿನ ಗಂಟುಗಳ ಪಾಠ ಇತ್ತು. ದ್ವಿದಳದ ಗಿಡ ಒಂದಷ್ಟನ್ನು ಬೇರುಸಮೇತ ಕಿತ್ತು ತಂದು, ತೊಳೆದು, ಗಂಟನ್ನು ಬ್ಲೇಡಿನಲ್ಲಿ ಸೀಳಿ ನೋಡಿ ಅಂದೆ. ಒಳಗೆ ಗುಲಾಬಿ ಬಣ್ಣ ಕಂಡರೆ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಕೆಲಸದಲ್ಲಿದೆ ಅಂತ ಅರ್ಥ. ಎಲ್ಲರೂ ಒಂದೊಂದು ಸೀಳಿ, ಬಣ್ಣ ಬರೆದುಕೊಂಡು ಮುಗಿಸಿದರು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಮಾತ್ರ ಹತ್ತಾರು ಗಂಟು ಸೀಳಿ, ಬೇರಿನಲ್ಲಿ ಎಲ್ಲಿದ್ದವೋ ಅದೇ ಕ್ರಮದಲ್ಲಿ ಕಾಗದದ ಮೇಲೆ ಸಾಲಾಗಿ ಇಟ್ಟಿದ್ದಳು. “ಮೇಡಂ, ಬುಡದ ಹತ್ರ ಇರೋವೆಲ್ಲ ಕೆಂಪಗಿವೆ, ತುದೀಲಿರೋವು ಬೆಳ್ಳಗಿವೆ. ತುದೀವು ಇನ್ನೂ ಎಳೇವಾ?” ಅಂದಳು. ಪುಸ್ತಕದಲ್ಲಿ ಇಲ್ಲದ ಪ್ರಶ್ನೆ. ಸರಿಯಾದ ಪ್ರಶ್ನೆ ಕೂಡ.

ಅಪ್ಪ ಅಮ್ಮ ಇಬ್ಬರೂ ಬೇರೆಯವರ ಹೊಲದಲ್ಲಿ ಕೂಲಿಗೆ ಹೋಗುವವರು. ಮನೆಯಲ್ಲಿ ಕಾಲೇಜು ಕಂಡವರು ಯಾರೂ ಇಲ್ಲ. ತಾಯಿ ಸಿಕ್ಕಾಗ, “ನಿಮ್ಮ ಮಗಳು ಕೃಷಿ ವಿಜ್ಞಾನ ಓದಿದ್ರೆ ತುಂಬಾ ಚೆನ್ನಾಗಿರುತ್ತೆ” ಅಂತ ಉತ್ಸಾಹದಲ್ಲಿ ಹೇಳಿಬಿಟ್ಟೆ. ಆಯಮ್ಮ ನನ್ನ ಮುಖವನ್ನೇ ಒಂದು ಕ್ಷಣ ನೋಡಿ, “ಮಣ್ಣಿಂದ ಆಚೆ ಬರ್ಲಿ ಅಂತ ಓದಿಸ್ತಿದ್ದೀನಿ. ನೀವು ತಿರುಗಿ ಮಣ್ಣಿಗೇ ನೂಕ್ತೀರಲ್ಲ ಮೇಡಂ” ಅಂದರು.

ಬಾಯಿ ಕಟ್ಟಿಹೋಯಿತು. ಇಂಥ ಮನೆಯವರಿಗೆ ಏನು ಹೇಳಬೇಕು? ಅಥವಾ ಹೇಳಲೇಬಾರದಾ?

ನೇರನುಡಿ

ಹೇಳಲೇಬಾರದು. ಆ ತಾಯಿ ಹೇಳಿದ್ದರಲ್ಲಿ ತಪ್ಪೇನಿದೆ? ಉಳ್ಳವರ ಮಕ್ಕಳಿಗೆ ಕಂಪ್ಯೂಟರ್ರು, ಡಾಕ್ಟರಿಕೆ. ಕೂಲಿಯವರ ಮಕ್ಕಳಿಗೆ ಮಾತ್ರ ‘ಕೃಷಿ ಶ್ರೇಷ್ಠ’ ಅನ್ನೋ ಭಾಷಣ. ಭಾಷಣ ಮಾಡುವವರ ಮಕ್ಕಳು ಎಷ್ಟು ಜನ ಕೃಷಿ ಓದುತ್ತಿದ್ದಾರೆ ಕೇಳಿ ನೋಡಿ.

ಎರೆಹುಳು

ನೇರನುಡಿಯವರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ನಾನು ಮಣ್ಣು ವಿಜ್ಞಾನ ಪಾಠ ಮಾಡುವವನು, ಹಾಗಾಗಿ ನನ್ನ ಮಾತನ್ನು ಸ್ವಲ್ಪ ಅನುಮಾನದಿಂದಲೇ ಓದಿ.

ನಮ್ಮಲ್ಲಿ ಒಂದು ಗೊಂದಲ ಇದೆ. ಕೃಷಿ ಮಾಡುವುದು ಬೇರೆ, ಕೃಷಿ ವಿಜ್ಞಾನ ಓದುವುದು ಬೇರೆ. ಓದುವ ಹುಡುಗ ತಳಿಶಾಸ್ತ್ರ, ಮಣ್ಣಿನ ರಸಾಯನ, ಕೀಟಶಾಸ್ತ್ರ, ಸಂಖ್ಯಾಶಾಸ್ತ್ರ, ಕೃಷಿ ಅರ್ಥಶಾಸ್ತ್ರ, ಆಹಾರ ಸಂಸ್ಕರಣೆ ಎಲ್ಲ ಮುಟ್ಟಿ ಬರುತ್ತಾನೆ. ಮುಂದೆ ಬೀಜ ಪರೀಕ್ಷಾ ಲ್ಯಾಬು, ಬೆಳೆ ವಿಮೆ, ಬ್ಯಾಂಕಿನ ಸಾಲ ವಿಭಾಗ, ಉಪಗ್ರಹ ಚಿತ್ರ ನೋಡಿ ಬೆಳೆ ಅಂದಾಜು ಮಾಡುವ ಕೆಲಸ ಹೀಗೆ ಎಲ್ಲಿಗೆ ಬೇಕಾದರೂ ಹೋಗಬಹುದು. ಎಲ್ಲರಿಗೂ ಕೆಲಸ ಸಿಗುತ್ತೆ ಅಂತ ನಾನು ಹೇಳುವುದಿಲ್ಲ, ಅದು ಸುಳ್ಳಾಗುತ್ತೆ. ಆದರೆ ಆ ತಾಯಿಯ ಕಣ್ಣಿಗೆ ‘ಕೃಷಿ ಡಿಗ್ರಿ’ ಅಂದರೆ ಬಿಸಿಲಲ್ಲಿ ಬಗ್ಗಿದ ಬೆನ್ನು. ಟೀಚರ್ ಮನಸ್ಸಿನಲ್ಲಿರೋದು ಸೂಕ್ಷ್ಮದರ್ಶಕದ ಮುಂದೆ ಕೂತ ಹುಡುಗಿ. ಇಬ್ಬರೂ ಒಂದೇ ಪದ ಹೇಳಿ ಬೇರೆ ಬೇರೆ ಚಿತ್ರ ನೋಡ್ತಿದ್ದೀರಿ.

ಇನ್ನೊಂದು ಮಾತು. ಹೊಲ ಇದ್ದವರ ಮಕ್ಕಳು ಮಾತ್ರ ಈ ಓದಿಗೆ ಬಂದರೆ, ಸಂಶೋಧನೆ ಕೇಳುವ ಪ್ರಶ್ನೆಗಳೂ ಹೊಲದ ಮಾಲೀಕರ ಪ್ರಶ್ನೆಗಳೇ ಆಗುತ್ತವೆ. ಎಕರೆಗೆ ಎಷ್ಟು ಬಂತು, ಎಷ್ಟು ಆಳಿನ ಕೂಲಿ ಉಳಿಯಿತು. ಕೆಲಸ ಕಳೆದುಕೊಂಡ ಆ ಆಳು ಏನಾದ ಅಂತ ಯಾರೂ ಬರೆಯುವುದಿಲ್ಲ. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಗಿಡ್ಡ ಹಿಡಿಯ ಗುದ್ದಲಿ ಒಂದಿತ್ತು. ಕೂಲಿಯವರು ದಿನವಿಡೀ ಸೊಂಟ ಬಗ್ಗಿಸಿಯೇ ಕಳೆ ತೆಗೀಬೇಕು. ಉದ್ದ ಹಿಡಿ ಕೊಟ್ಟರೆ ಕೆಲಸ ನಾಜೂಕಾಗಿ ಆಗಲ್ಲ ಅನ್ನೋದು ಬೆಳೆಗಾರರ ವಾದ. ಬೆನ್ನುಮೂಳೆ ಹಾಳಾಗುತ್ತೆ ಅಂತ ವೈದ್ಯರು ಸಾಕ್ಷಿ ಹೇಳಿ, ವಕೀಲರು ಕೋರ್ಟಿನವರೆಗೆ ಎಳೆದ ಮೇಲೆ 1975ರಲ್ಲಿ ಅದು ನಿಷೇಧ ಆಯ್ತು. ಅಷ್ಟು ವರ್ಷ ಆ ಗುದ್ದಲಿ ಕೃಷಿ ಪಂಡಿತರ ಕಣ್ಣಿಗೆ ಬೀಳಲಿಲ್ಲವಾ? ಬಿದ್ದಿರುತ್ತೆ. ಆದರೆ ಅವರ ಅವ್ವನ ಬೆನ್ನು ಅದರಿಂದ ಬಗ್ಗಿರಲಿಲ್ಲ.

ನೇರನುಡಿ

ಗುದ್ದಲಿ ಮಾತು ಒಪ್ಪಿದೆ. ಆದರೆ ಸಮಾಜದ ಪ್ರಶ್ನೆ ಕೇಳುವ ಭಾರವನ್ನೂ ಆ ಹುಡುಗಿ ತಲೆ ಮೇಲೇ ಹೊರಿಸ್ತೀರಾ? ಅವಳ ಹೊಟ್ಟೆಪಾಡು ಮೊದಲು.

ಅಂದಹಾಗೆ ಟೀಚರ್, ತಾಯಿಯನ್ನು ಕೇಳಿದ್ದೀರಿ. ಹುಡುಗಿಯನ್ನು ಕೇಳಿದಿರಾ?

ಬಯಾಲಜಿ ಟೀಚರ್

ಇಲ್ಲ. ಈಗ ನೀವು ಕೇಳಿದ ಮೇಲೆ ನಾಚಿಕೆ ಆಗ್ತಿದೆ.

ಕೂಲಿಯವನ ಮಗ

ನೋಡ್ರಿ ಮೇಡಂ, ನಮ್ಮವ್ವನೂ ಹಿಂಗ ಅಂದಿದ್ಲು. ‘ಹೊಲದಾಗ ದುಡಿಯಾಕ ಸಾಲಿ ಯಾಕ ಬೇಕೋ’ ಅಂತ. ನಾ ಕೃಷಿ ಪದವಿ ಮುಗಿಸಿ ಈಗ ಬೀಜದ ಲ್ಯಾಬಿನಾಗ ಅದೀನಿ. ಅವ್ವ ಇವತ್ತಿಗೂ ಮಂದಿಗೆ ‘ನನ್ನ ಮಗ ಆಫೀಸಿನಾಗ ಅದಾನ’ ಅಂತನ ಹೇಳ್ತಾಳ, ಬೀಜದ ಮಾತ ತಗಿಯೂದಿಲ್ಲ.

ಒಂದು ಹೇಳ್ತೀನಿ. ಕಾಲೇಜಿಗೆ ಬಂದ ಮೊದಲನೇ ಎರಡು ತಿಂಗಳ ನಾ ಬಾಯಿನ ತಗದಿರಲಿಲ್ಲ. ಪಾಠ ಎಲ್ಲಾ ಇಂಗ್ಲಿಷ್. ಪಕ್ಕದಾವ್ರೆಲ್ಲಾ ಪಟಪಟ ಮಾತಾಡ್ತಿದ್ರು. ವಾಪಸ್ ಹೋಗೂಣು ಅಂತ ಚೀಲಾನೂ ಕಟ್ಟಿದ್ದೆ. ಆ ವಾರ ಮಣ್ಣಿನ ಪ್ರಾಕ್ಟಿಕಲ್ ಬಂತು. ತೋಯಿಸಿದ ಮಣ್ಣು ಹೆಬ್ಬೆಟ್ಟು ಮತ್ತ ತೋರುಬೆರಳಿನ ನಡುವ ಒತ್ತಿ ಪಟ್ಟಿ ಹಂಗ ಎಳೀಬೇಕು. 2.5 ಸೆಂಟಿಮೀಟರ್ ಆಗೂದ್ರಾಗ ಹರಿದ್ರ ಗೋಡು ಜಾತಿ, 5 ದಾಟಿದ್ರ ಜೇಡಿ. ಉಳಿದಾವ್ರು ಪಟ್ಟಿ ಎಳದು, ಸ್ಕೇಲ್ ಹಿಡದು, ಪುಸ್ತಕದಾಗಿನ ಚಿತ್ರ ನೋಡಿ, ಮತ್ತ ಎಳಿಯಾಕತ್ತಿದ್ರು. ನಾ ಮುಟ್ಟಿದ ಕೂಡ್ಲೆ ಎಂಟೂ ಡಬ್ಬಿ ಮಣ್ಣು ಯಾವ ಜಾತಿ ಅಂತ ಹೇಳಿಬಿಟ್ಟೆ. ಒಂದೂ ತಪ್ಪಿರಲಿಲ್ಲ. ಮೇಷ್ಟ್ರು ‘ಎಲ್ಲಿ ಕಲ್ತೆ’ ಅಂದ್ರು. ಎಲ್ಲಿ ಕಲಿಯೂದ್ರಿ, ಆರು ವರ್ಷದಾಂವ ಇದ್ದಾಗಿಂದ ಅದ್ರಾಗ ಅದೀನಿ.

ಅವತ್ತ ಚೀಲ ಬಿಚ್ಚಿದೆ. ನನಗ ಗೊತ್ತಿದ್ದದ್ದಕ್ಕೂ ಇಲ್ಲೆ ಮಾರ್ಕ್ಸ್ ಐತಿ ಅಂತ ಗೊತ್ತಾತು.

ಹಾಸ್ಟೆಲ್ ಅಕ್ಕ

ಕೂಲಿಯವನ ಮಗ ಅಣ್ಣಾ, ಓದಿ ಕಣ್ಣು ತುಂಬಿತು. ಆದರೆ ಆ ಪ್ರಾಕ್ಟಿಕಲ್ ಒಂದು ವಾರ ತಡವಾಗಿದ್ದರೆ ನೀವು ಇಲ್ಲಿ ಇರ್ತಿರಲಿಲ್ಲ ಅಲ್ವಾ? ನನ್ನ ತಕರಾರು ಅಲ್ಲೇ ಇರೋದು. ಕರೆತರುವ ಬಗ್ಗೆ ಎಲ್ಲರೂ ಮಾತಾಡ್ತಾರೆ, ಉಳಿಸಿಕೊಳ್ಳುವ ಬಗ್ಗೆ ಯಾರೂ ಮಾತಾಡಲ್ಲ. ನನ್ನ ಬ್ಯಾಚಿನಲ್ಲಿ ನನ್ನ ಹಾಗೆ ಮನೆಯಲ್ಲಿ ಮೊದಲ ಬಾರಿ ಕಾಲೇಜಿಗೆ ಬಂದ ಹುಡುಗಿಯರು ಮೂವರು. ಕೊನೆಗೆ ಉಳಿದವಳು ನಾನೊಬ್ಬಳು.

ಯಾಕೆ ಹೋದರು ಅಂದ್ರೆ ಬುದ್ಧಿ ಸಾಲದೆ ಅಲ್ಲ. ಒಬ್ಬಳು ಬೂಟಿನಿಂದ. ನಗಬೇಡಿ. ಹೊಲದ ಪ್ರಾಕ್ಟಿಕಲ್‌ಗೆ ಬೂಟು ಕಡ್ಡಾಯ, ಪ್ರವೇಶದ ಶುಲ್ಕದ ಪಟ್ಟಿಯಲ್ಲಿ ಅದು ಇರಲಿಲ್ಲ. ಲ್ಯಾಬ್ ಕೋಟು, ರೆಕಾರ್ಡ್ ಪುಸ್ತಕ, ಪ್ರವಾಸದ ಬಸ್ಸಿನ ದುಡ್ಡು ಯಾವುದೂ ಇರಲಿಲ್ಲ. ವಿದ್ಯಾರ್ಥಿವೇತನ ಶುಲ್ಕಕ್ಕೆ ಮಾತ್ರ. ಅವಳು ಚಪ್ಪಲಿಯಲ್ಲಿ ಬಂದಳು, ಮೇಲ್ವಿಚಾರಕರು ಎಲ್ಲರೆದುರು ವಾಪಸ್ ಕಳಿಸಿದರು. ಎರಡು ಸಲ ಹಾಗಾಯ್ತು. ಮೂರನೇ ಸಲಕ್ಕೆ ಅವಳು ಹಾಸ್ಟೆಲಿನಿಂದಲೇ ಹೊರಡಲಿಲ್ಲ. ಹಾಜರಾತಿ ಕಡಿಮೆ ಆಯ್ತು, ಪರೀಕ್ಷೆಗೆ ಕೂರಿಸಲಿಲ್ಲ. ಕಾಗದದಲ್ಲಿ ‘ಹಾಜರಾತಿ ಕೊರತೆ’ ಅಂತಿದೆ. ಬೂಟು ಅಂತ ಎಲ್ಲೂ ಬರೆದಿಲ್ಲ.

ಇನ್ನೊಬ್ಬಳು ರಜೆಯ ತರಬೇತಿಗೆ ಹೋಗಲಾಗದೆ ಬಿಟ್ಟಳು. ಸಂಬಳ ಇಲ್ಲದ ತರಬೇತಿ. ರಜೆಯಲ್ಲಿ ದುಡಿದು ಮನೆಗೆ ಕೊಡಬೇಕಾದ ಮಗುವಿಗೆ ಎರಡು ತಿಂಗಳು ಬಿಟ್ಟಿ ಕೆಲಸ ಮಾಡು ಅಂದ್ರೆ ಹೇಗೆ? ಇಂಥ ಮಕ್ಕಳು ಬೇಕು ಅನ್ನೋ ಸಂಸ್ಥೆ ಮೊದಲು ಆ ಎರಡು ತಿಂಗಳಿಗೆ ಭತ್ಯೆ ಕೊಡಲಿ. ಪೋಸ್ಟರು ಆಮೇಲೆ ಅಂಟಿಸಲಿ.

ಮತ್ತೆ ದಿನವಿಡೀ ಹೊಲದಲ್ಲಿ ಪ್ರಾಕ್ಟಿಕಲ್ ಇಟ್ಟು ಶೌಚಾಲಯ ಇಡದಿರೋದು. ನಾವು ಬೆಳಿಗ್ಗೆಯಿಂದ ನೀರು ಕುಡಿಯದೆ ಹೋಗ್ತಿದ್ವಿ. ಇದಕ್ಕಿಂತ ಹೆಚ್ಚು ಹೇಳಲ್ಲ.

ಹಳೆ ಪುಟ

ಈ ಎಳೆ ಓದುತ್ತಾ ನನಗೆ ಜಾರ್ಜ್ ವಾಷಿಂಗ್ಟನ್ ಕಾರ್ವರ್ ನೆನಪಾದರು. ನೆಲಗಡಲೆ ವಿಜ್ಞಾನಿ ಅಂತ ಹೆಸರು ಕೇಳಿರುತ್ತೀರಿ. ಅವರು ಕೃಷಿ ಓದಿಗೆ ಬಂದ ದಾರಿ ಮಾತ್ರ ಅಷ್ಟಾಗಿ ಯಾರೂ ಹೇಳುವುದಿಲ್ಲ.

ಹುಟ್ಟಿದ್ದು 1864ರ ಸುಮಾರಿಗೆ, ಅಮೆರಿಕದ ಮಿಸೌರಿಯಲ್ಲಿ, ಗುಲಾಮಗಿರಿಯಲ್ಲಿ. ಕಾನ್ಸಾಸ್‌ನ ಒಂದು ಕಾಲೇಜು ಪತ್ರದಲ್ಲಿ ಸೀಟು ಕೊಟ್ಟು, ಎದುರಿಗೆ ಬಂದು ನಿಂತಾಗ ಕಪ್ಪು ಬಣ್ಣ ನೋಡಿ ಬಾಗಿಲು ಹಾಕಿತು. 1890ರಲ್ಲಿ ಅಯೋವಾದ ಸಿಂಪ್ಸನ್ ಕಾಲೇಜಿಗೆ ಸೇರಿದ್ದು ಚಿತ್ರಕಲೆ ಮತ್ತು ಪಿಯಾನೋ ಕಲಿಯೋಕೆ! ಅಲ್ಲಿನ ಚಿತ್ರಕಲೆಯ ಮೇಡಂ ಎಟ್ಟಾ ಬಡ್ ಈ ಹುಡುಗ ಬರೆಯುವ ಗಿಡಗಳನ್ನು ನೋಡಿದರು. ಇಷ್ಟು ಚೆನ್ನಾಗಿ ಗಿಡ ನೋಡುವವನು ಗಿಡವನ್ನೇ ಓದಬೇಕು ಅನ್ನಿಸಿತು. ಅವರ ಅಪ್ಪ ಅಯೋವಾ ರಾಜ್ಯದ ಕೃಷಿ ಕಾಲೇಜಿನಲ್ಲಿ ತೋಟಗಾರಿಕೆ ಪ್ರೊಫೆಸರ್. ಮಗಳ ಒತ್ತಾಯದಿಂದ 1891ರಲ್ಲಿ ಕಾರ್ವರ್ ಅಲ್ಲಿಗೆ ಸೇರಿದರು. ಆ ಕಾಲೇಜಿನ ಮೊದಲ ಕಪ್ಪು ವಿದ್ಯಾರ್ಥಿ. ಊಟಕ್ಕೆ ಉಳಿದವರ ಜೊತೆ ಕೂರಿಸಲಿಲ್ಲ, ನೆಲಮಾಳಿಗೆಯಲ್ಲಿ ಕೆಲಸದಾಳುಗಳ ಜೊತೆ. ಆದರೂ ನಿಂತರು. 1894ರಲ್ಲಿ ಪದವಿ, 1896ರಲ್ಲಿ ಸ್ನಾತಕೋತ್ತರ, ಅದೇ ವರ್ಷ ಅಲಬಾಮಾದಲ್ಲಿ ಕಪ್ಪು ವಿದ್ಯಾರ್ಥಿಗಳಿಗಾಗಿ ಇದ್ದ ಟಸ್ಕೀಗಿ ವಿದ್ಯಾಸಂಸ್ಥೆಯಲ್ಲಿ ಕೃಷಿ ವಿಭಾಗದ ಹೊಣೆ.

ಬಯಾಲಜಿ ಟೀಚರ್, ಗಂಟುಗಳನ್ನು ಸಾಲಾಗಿ ಇಟ್ಟ ಹುಡುಗಿಯನ್ನು ನೀವು ಗಮನಿಸಿದ್ದು ಓದಿದಾಗ ನನಗೆ ಎಟ್ಟಾ ಬಡ್ ಕಂಡರು. ಆದರೆ ಅವರು ಗಮನಿಸಿ ಅಷ್ಟಕ್ಕೇ ನಿಲ್ಲಿಸಲಿಲ್ಲ. ಅಲ್ಲಿ ಯಾರ ಹತ್ತಿರ ಹೋಗಬೇಕು ಅಂತ ಒಂದು ಹೆಸರೂ ಕೊಟ್ಟು ಕಳಿಸಿದರು.

ನೇರನುಡಿ

ಸಾವಿರದಲ್ಲಿ ಒಬ್ಬ ಕಾರ್ವರ್. ಉಳಿದ 999?

ಹಳೆ ಪುಟ

ಸರಿಯಾಗಿ ಕೇಳಿದಿರಿ. ಅದಕ್ಕೆ ಕಾನೂನು ಬೇಕಾಯ್ತು, ಅದು ಆಮೆ ನಡಿಗೆಯಲ್ಲಿ ಬಂತು. ಜನಸಾಮಾನ್ಯರ ಮಕ್ಕಳಿಗೆ ಕೃಷಿ, ಯಂತ್ರವಿದ್ಯೆ ಕಲಿಸುವ ಕಾಲೇಜುಗಳಿಗೆ ಭೂಮಿ ಕೊಡುವ ಮಾರಿಲ್ ಕಾಯ್ದೆಗೆ ಲಿಂಕನ್ ಸಹಿ ಹಾಕಿದ್ದು 1862ರಲ್ಲಿ. ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಿ, ಇಲ್ಲಾಂದ್ರೆ ಅವರಿಗೆ ಬೇರೆ ಕಾಲೇಜಾದರೂ ತೆರೆಯಿರಿ ಅನ್ನೋ ಎರಡನೇ ಕಾಯ್ದೆ ಬಂದದ್ದು 1890ರಲ್ಲಿ. ಆ ಭೂಮಿ ಮೂಲದಲ್ಲಿ ಯಾರದ್ದೋ ಆ ಮೂಲನಿವಾಸಿ ಬುಡಕಟ್ಟುಗಳ ಕಾಲೇಜುಗಳಿಗೆ ಅದೇ ಸ್ಥಾನ ಸಿಕ್ಕಿದ್ದು 1994ರಲ್ಲಿ. 132 ವರ್ಷ.

ಹುಡುಗಿಯರ ಕಥೆಯೂ ಅಷ್ಟೇ. ಅಲ್ಲಿನ ಶಾಲೆಗಳಲ್ಲಿ ಕೃಷಿ ಕಲಿಯುವ ಮಕ್ಕಳ ದೊಡ್ಡ ಸಂಘ ಫ್ಯೂಚರ್ ಫಾರ್ಮರ್ಸ್ ಆಫ್ ಅಮೆರಿಕ ಶುರುವಾದದ್ದು 1928ರಲ್ಲಿ. ರಾಷ್ಟ್ರಮಟ್ಟದಲ್ಲಿ ಹುಡುಗಿಯರಿಗೆ ಸದಸ್ಯತ್ವ ಕೊಟ್ಟದ್ದು 1969ರಲ್ಲಿ. ಮನುಷ್ಯ ಚಂದ್ರನ ಮೇಲೆ ಇಳಿದ ವರ್ಷ!

ಹನ್ನೆರಡನೇ ಕ್ಲಾಸ್

ದೊಡ್ಡವರ ಮಧ್ಯೆ ಬರ್ತಿದ್ದೀನಿ, ಕ್ಷಮಿಸಿ. ನಮಗೆ ಹೊಲ ಇಲ್ಲ. ಅಪ್ಪ ಲಾರಿ ಓಡಿಸ್ತಾರೆ. ಬಿತ್ತನೆ ಹೇಗೆ ಮಾಡ್ತಾರೆ ಅಂತಾನೂ ನೋಡಿಲ್ಲ. ನಾನು ಕೃಷಿ ಓದಬಹುದಾ? ಕ್ಲಾಸಲ್ಲಿ ಹೇಳಿದರೆ ನಗ್ತಾರೆ.

ಎರೆಹುಳು

ಖಂಡಿತ ಓದಬಹುದು ತಮ್ಮಾ. ಬಾರ್ಬರಾ ಮೆಕ್ಲಿಂಟಾಕ್ ಬೆಳೆದದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಅಪ್ಪ ವೈದ್ಯ. ಕಾರ್ನೆಲ್‌ನ ಕೃಷಿ ಕಾಲೇಜಿನಲ್ಲಿ ಓದಿ 1923ರಲ್ಲಿ ಪದವಿ ಪಡೆದರು. ಮೆಕ್ಕೆಜೋಳದ ಕಾಳಿನ ಬಣ್ಣದ ಚುಕ್ಕೆಗಳನ್ನು ವರ್ಷಗಟ್ಟಲೆ ನೋಡಿ, ಜೀನ್‌ಗಳು ಜಾಗ ಬದಲಿಸುತ್ತವೆ ಅಂತ ಕಂಡುಹಿಡಿದರು. ಜಗತ್ತು ನಂಬೋಕೆ ತಡ ಮಾಡಿತು, ನೊಬೆಲ್ ಬಂದದ್ದು 1983ರಲ್ಲಿ. ಹೊಲ ಬೇಡ, ನೋಡುವ ಕಣ್ಣು ಬೇಕು. ಗಣಿತ, ರಸಾಯನಶಾಸ್ತ್ರ ಮಾತ್ರ ಈಗಲೇ ಗಟ್ಟಿ ಮಾಡ್ಕೋ, ಮೊದಲ ವರ್ಷ ಮಕ್ಕಳು ಎಡವೋದು ಅಲ್ಲೇ.

ಕೂಲಿಯವನ ಮಗ

ತಮ್ಮಾ, ನಗೂ ಮಂದಿ ನಾಕ ದಿನ ನಗ್ತಾರ. ಬಿತ್ತೂದು ನಾ ಹೇಳಿಕೊಡ್ತೀನಿ, ನೀ ನನಗ ಲಾರಿ ಹೊಡಿಯೂದು ಹೇಳಿಕೊಡಂತ ನಿಮ್ಮಪ್ಪಗ ಹೇಳು.

ಹಾಸ್ಟೆಲ್ ಅಕ್ಕ

😄 ಸರಿ, ವಿಷಯಕ್ಕೆ ಬರೋಣ. ದೂರದವರ ಹೆಸರು ಹೇಳಿದರೆ ಮಕ್ಕಳಿಗೆ ಒಂದು ದಿನ ಹುಮ್ಮಸ್ಸು ಬರುತ್ತೆ, ಸುಳ್ಳಲ್ಲ. ನನಗೂ ಗೆಬಿಸಾ ಎಜೆಟಾ ಅವರ ಕಥೆ ಅಂದ್ರೆ ಪ್ರಾಣ. ಇಥಿಯೋಪಿಯಾದಲ್ಲಿ ಒಂದೇ ಕೋಣೆಯ ಹುಲ್ಲಿನ ಗುಡಿಸಲಿನಲ್ಲಿ ಹುಟ್ಟಿ, ಶಾಲೆಗೆ ಅಂತ ವಾರಕ್ಕೊಮ್ಮೆ 20 ಕಿಲೋಮೀಟರ್ ನಡೆದು, ಕೊನೆಗೆ ಜೋಳದ ವಿಜ್ಞಾನಿ ಆದವರು. ಜೋಳದ ಬೇರಿಗೆ ಅಂಟಿ ರಸ ಹೀರುವ ಸ್ಟ್ರೈಗಾ ಕಳೆಯನ್ನು ತಡೆಯುವ ತಳಿಗಳಿಗಾಗಿ 2009ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ಅವರನ್ನು ಓದಿಸಲೇಬೇಕು ಅಂತ ಹಟ ಹಿಡಿದವರು ಅವರಮ್ಮ.

ಆದರೆ ಗೆಬಿಸಾ ಅವರು ನನ್ನ ಹಾಸ್ಟೆಲ್ ರೂಮಿಗೆ ಬಂದು ಸಂಖ್ಯಾಶಾಸ್ತ್ರ ಹೇಳಿಕೊಡಲಿಲ್ಲ. ಒಬ್ಬ ಸೀನಿಯರ್ ಅಕ್ಕ ಹೇಳಿಕೊಟ್ಟರು. ಪರೀಕ್ಷೆಯ ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಕೂತು. ದುಡ್ಡು ಕೊಡೋಕೆ ಹೋದಾಗ, “ಮುಂದಿನ ವರ್ಷ ಬರೋ ಹುಡುಗಿಗೆ ಹೇಳಿಕೊಡು, ಲೆಕ್ಕ ಚುಕ್ತಾ” ಅಂದರು.

ಆಫ್ರಿಕಾದ ಕೃಷಿ ವಿಜ್ಞಾನಿ ಹೆಣ್ಣುಮಕ್ಕಳಿಗೆ ಅವಾರ್ಡ್ ಅನ್ನೋ ಫೆಲೋಶಿಪ್ 2008ರಿಂದ ಇದೆ. ಅಲ್ಲೂ ಇದೇ ಕ್ರಮ. ಫೆಲೋಗೆ ಒಬ್ಬ ಹಿರಿಯ ಮಾರ್ಗದರ್ಶಿ ಕೊಡ್ತಾರೆ, ಅವಳು ತನಗಿಂತ ಕಿರಿಯಳನ್ನು ಕೈಹಿಡೀಬೇಕು. ನಮ್ಮಕ್ಕನಿಗೆ ಅದೆಲ್ಲ ಗೊತ್ತಿರಲಿಲ್ಲ ಬಿಡಿ.

ಎರೆಹುಳು

ಹಾಸ್ಟೆಲ್ ಅಕ್ಕ ಮೇಡಂ, ಬೂಟಿನ ವಿಷಯ ಓದಿದ ಮೇಲೆ ನಮ್ಮ ವಿಭಾಗದಲ್ಲಿ ಕೇಳಿ ನೋಡಿದೆ. ಹಾಜರಾತಿ ಕಡಿಮೆ ಇರುವವರನ್ನು ಕರೆದು ಕಾರಣ ಕೇಳುವ ಪದ್ಧತಿಯೇ ಇಲ್ಲ. ನಾನೂ ಒಮ್ಮೆಯೂ ಕೇಳಿಲ್ಲ. ಇಷ್ಟು ವರ್ಷ ‘ಆಸಕ್ತಿ ಇಲ್ಲದ ಹುಡುಗರು’ ಅಂತ ಷರಾ ಬರೆದಿದ್ದೇನೆ.

ಟೀಚರ್, ಒಂದು ಕೆಲಸ ಮಾಡಿ. ಹತ್ತಿರದ ಯಾವುದಾದರೂ ಕೃಷಿ ಕಾಲೇಜಿಗೆ ಮಗಳನ್ನೂ ತಾಯಿಯನ್ನೂ ಕರೆದುಕೊಂಡು ಹೋಗಿ. ಭಾಷಣ, ಸನ್ಮಾನ ಇರುವ ದಿನ ಬೇಡ, ಮಾಮೂಲಿ ಪಾಠದ ದಿನ. ಕೂಲಿ ತಪ್ಪದ ಹಾಗೆ ತಾಯಿಯನ್ನೇ ಕೇಳಿ ದಿನ ಗೊತ್ತು ಮಾಡಿ. ಮತ್ತೆ ಮೊದಲು ಅಲ್ಲಿ ಓದುತ್ತಿರುವ, ಇವರಂಥದ್ದೇ ಮನೆಯಿಂದ ಬಂದ ಹುಡುಗಿ ಒಬ್ಬಳನ್ನು ಮಾತಾಡಿಸಿ. ನಮ್ಮಂಥ ಮೇಷ್ಟ್ರುಗಳು ಆಮೇಲೆ.

ನೇರನುಡಿ

ಆ ಹುಡುಗಿ ಹತ್ತಿರ ಕಷ್ಟವನ್ನೂ ಹೇಳಿಸಿ. ಬರೀ ಬಣ್ಣದ ಮಾತು ಬೇಡ.

ಬಯಾಲಜಿ ಟೀಚರ್ (ಮೂರು ವಾರದ ನಂತರ)

ತಡವಾಯ್ತು, ಕ್ಷಮಿಸಿ. ಹೋಗಿ ಬಂದೆವು.

ಮೊದಲು ಹುಡುಗಿಯನ್ನೇ ಕೂರಿಸಿ ಕೇಳಿದೆ. ಅವಳ ಮನಸ್ಸಿನಲ್ಲಿ ಇದ್ದದ್ದು ಆಸ್ಪತ್ರೆಯ ಲ್ಯಾಬ್ ಕೆಲಸ. “ಸೂಕ್ಷ್ಮದರ್ಶಕ ಅಲ್ಲಿ ಮಾತ್ರ ಇರುತ್ತೆ ಅಂದ್ಕೊಂಡಿದ್ದೆ” ಅಂದಳು. ಎರಡನ್ನೂ ನೋಡು, ಆಮೇಲೆ ಹೇಳು ಅಂದೆ. ಒಂದು ಆಸ್ಪತ್ರೆಯ ಲ್ಯಾಬಿಗೂ ಕರೆದುಕೊಂಡು ಹೋದೆ.

ಕಾಲೇಜಿನಲ್ಲಿ ಮೊದಲ ವರ್ಷದ ಹುಡುಗಿಯೊಬ್ಬಳು ನಮ್ಮ ಜೊತೆ ಸುತ್ತಾಡಿದಳು. ಇಂಗ್ಲಿಷಿನ ಕಷ್ಟ, ಹಾಸ್ಟೆಲಿನ ಊಟ, ಫೇಲಾದ ಒಂದು ಪೇಪರು ಎಲ್ಲ ಮುಚ್ಚುಮರೆ ಇಲ್ಲದೆ ಹೇಳಿದಳು. ಮಣ್ಣಿನ ಲ್ಯಾಬಿನಲ್ಲಿ ಡಬ್ಬಿಗಳ ಸಾಲು ಇತ್ತು. ತಾಯಿ ಸೆರಗಿಗೆ ಕೈ ಒರೆಸಿಕೊಂಡು, ಯಾರನ್ನೂ ಕೇಳದೆ, ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿ, “ಇದು ನೀರು ನಿಲ್ಲೋ ನೆಲ” ಅಂದರು. ಚೀಟಿ ತಿರುಗಿಸಿ ನೋಡಿದರೆ ಜೇಡಿ. ಕೂಲಿಯವನ ಮಗ ಅವರೇ, ನೀವು ನೆನಪಾದಿರಿ. ಆದರೆ ಆಯಮ್ಮನಿಗೆ ಅದು ದೊಡ್ಡ ವಿಷಯ ಅನ್ನಿಸಲೇ ಇಲ್ಲ. ಅವರು ನೋಡುತ್ತಿದ್ದದ್ದು ಕಿಟಕಿಯ ಹತ್ತಿರ ಕೂತು ಬರೆಯುತ್ತಿದ್ದ ಲ್ಯಾಬಿನ ಹೆಂಗಸನ್ನು. ಹೊರಗೆ ಬಂದ ಮೇಲೆ ಮೆಲ್ಲಗೆ, “ಆಯಮ್ಮ ದಿನಾ ನೆರಳಲ್ಲೇ ಕೂತ್ಕೋತಾರಾ?” ಅಂತ ಕೇಳಿದರು. ಹೆಚ್ಚು ದಿನ ನೆರಳು, ಕೆಲವು ದಿನ ಬಿಸಿಲು ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ. “ನೋಡಾಣ” ಅಂದರು. ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ.

ಹುಡುಗಿ ಎರಡೂ ಕಡೆಯ ಅರ್ಜಿ ಹಾಕುತ್ತೇನೆ ಅಂದಿದ್ದಾಳೆ. ನಿನ್ನೆ ಕೃಷಿ ಕಾಲೇಜಿನ ಅರ್ಜಿ ತುಂಬಿದೆವು. ಶುಲ್ಕ ಬಿಟ್ಟು ಇನ್ನೇನೇನು ಕೊಳ್ಳಬೇಕು ಅಂತ ಆ ಮೊದಲ ವರ್ಷದವಳನ್ನು ಕೇಳಿ ಪಟ್ಟಿ ಬರೆಸಿಕೊಂಡಿದ್ದೇನೆ. ಎಲ್ಲಕ್ಕಿಂತ ಮೇಲೆ ಬೂಟು ಇದೆ.

ಹಾಸ್ಟೆಲ್ ಅಕ್ಕ

ಅವಳ ಕಾಲಿನ ಅಳತೆ ಎಷ್ಟು ಟೀಚರ್? ನನ್ನ ಬೂಟಿನ ಜೋಡಿ ಇನ್ನೂ ಗಟ್ಟಿಯಾಗಿದೆ, ನಂಬರ್ 5.

ನೇರನುಡಿ

5 ಆಗದಿದ್ದರೆ ಹೇಳಿ. ಹೊಸದು ನಾನು ಕೊಡಿಸುತ್ತೇನೆ. ಅವಳು ಆಸ್ಪತ್ರೆ ಲ್ಯಾಬಿಗೆ ಹೋದರೂ ಪರವಾಗಿಲ್ಲ, ಕೋಟು ಕೊಡಿಸೋಣ.